ಓಡುವುದು, ಏರುವುದು, ನಿಲ್ಲುವುದು

ಶನಿವಾರ ಮಧ್ಯಾಹ್ನವಾಯಿತೆಂದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ ಹೊರಟ ಕಾರುಗಳು ದಾಂಡೇಲಿಯ ಕಡೆ ಸಾಲುಗಟ್ಟುತ್ತವೆ. ಒಳಗೆ ಕೂತವರ ಕಾಲಲ್ಲಿ ಓಡುವ ಬೂಟು, ಮಣಿಕಟ್ಟಿನಲ್ಲಿ ಎದೆಬಡಿತ ಎಣಿಸುವ ಗಡಿಯಾರ, ಡಿಕ್ಕಿಯಲ್ಲಿ ಹಗ್ಗ, ಡೇರೆ, ನೀರಿನ ಚೀಲ. ಕೆಲವರಿಗೆ ಗಣೇಶಗುಡಿಯಲ್ಲಿ ಕಾಳಿ ನದಿಯ ಮೇಲೆ ರ‍್ಯಾಫ್ಟಿಂಗ್ ಬೇಕು. ಕೆಲವರಿಗೆ ಜೋಯಿಡಾದ ಕಾಡಿನಂಚಿನ ಏರುದಾರಿ ಬೇಕು. ಇನ್ನು ಕೆಲವರು ಬೆಳಗಿನ ಜಾವ ಎದ್ದು ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿ ಬಂದು ಆಮೇಲೆ ತಿಂಡಿ ತಿನ್ನುವವರು. ಇದನ್ನು ನಾನು ಲೇವಡಿ ಮಾಡಲು ಹೇಳುತ್ತಿಲ್ಲ. ವಾರವಿಡೀ ಕುರ್ಚಿಗೆ ಅಂಟಿಕೊಂಡ ಮೈಗೆ ಎರಡು ದಿನ ಗಾಳಿ ಬೆಳಕು ಸಿಗಲಿ ಎನ್ನುವುದು ಒಳ್ಳೆಯ ಬಯಕೆಯೇ. ನನ್ನ ಪರಿಚಯದ ಹುಡುಗರಲ್ಲೂ ಇಂಥವರಿದ್ದಾರೆ. ಅವರ ಮಾತುಕತೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ಬೆಟ್ಟ ಹತ್ತುವುದು, ದೂರದ ಓಟ, ನೌಕರಿ, ಸಂಸಾರ, ಇವೆಲ್ಲವನ್ನೂ ಸರಿದೂಗಿಸುವುದು ಹೇಗೆ?

ಈ ಪ್ರಶ್ನೆಗೆ ಅವರ ಬಳಿಯೇ ಉತ್ತರವೂ ಇದೆ. ವಾರದಲ್ಲಿ ಇಷ್ಟು ದಿನ ಓಟ, ಇಷ್ಟು ದಿನ ಬಂಡೆ, ಇಷ್ಟು ದಿನ ವಿಶ್ರಾಂತಿ. ಬಂಡೆ ಹತ್ತುವವನಿಗೆ ಬೆರಳು, ಭುಜ ಗಟ್ಟಿಯಾಗಿರಬೇಕು. ದೂರ ಓಡುವವನಿಗೆ ಮೈ ಹಗುರಾಗಿರಬೇಕು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕುಗ್ಗುತ್ತದೆ. ಮಾಂಸಖಂಡ ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ, ಆದರೆ ಅದನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು ಬಲಗೊಳ್ಳಲು ತಿಂಗಳುಗಳೇ ಬೇಕು. ಹೀಗಾಗಿ ಉತ್ಸಾಹದಲ್ಲಿ ಓಡಿದವನ ಮಂಡಿಯೋ ಹಿಮ್ಮಡಿಯೋ ಕೈಕೊಡುತ್ತದೆ. ದಣಿಯುವಾಗ ದೇಹ ಬೆಳೆಯುವುದಿಲ್ಲ, ದಣಿದು ಮಲಗಿದಾಗ ಬೆಳೆಯುತ್ತದೆ. ಇದೆಲ್ಲ ಒಳ್ಳೆಯ ತಿಳಿವಳಿಕೆ, ಸಂಶಯವಿಲ್ಲ. ಆದರೆ ಇದು ಸಮತೋಲನದ ಲೆಕ್ಕ ಮಾತ್ರ. ಸಮತೋಲನದ ನ್ಯಾಯ ಬೇರೆಯೇ ಇದೆ. ತಕ್ಕಡಿಗೆ ಎರಡು ತಟ್ಟೆಗಳಿರುತ್ತವೆ. ನಮ್ಮ ಶ್ರಮ, ನಮ್ಮ ವಿಶ್ರಾಂತಿ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ತೂಗುತ್ತಿದ್ದೇವೆ. ಇನ್ನೊಂದು ತಟ್ಟೆಯಲ್ಲಿ ಯಾರು ಕೂತಿದ್ದಾರೆ?

ಉರ್ದು ಶಾಲೆಯಲ್ಲಿ ಕಲಿತ ಎರಡು ಮಾತುಗಳು ಇಲ್ಲಿ ನನ್ನ ನೆರವಿಗೆ ಬರುತ್ತವೆ. ಒಂದು ಶೌಕ್, ಇನ್ನೊಂದು ಮಜಬೂರಿ. ಶೌಕ್ ಎಂದರೆ ಬರೀ ಹವ್ಯಾಸವಲ್ಲ, ಅದರಲ್ಲಿ ಮನಸ್ಸಿನ ಹಂಬಲವಿದೆ. ಮಜಬೂರಿ ಎಂದರೆ ಬರೀ ಅನಿವಾರ್ಯತೆಯಲ್ಲ, ಅದರಲ್ಲಿ ಯಾರೋ ಹೇರಿದ ಭಾರವಿದೆ. ಈ ನಾಲ್ಕು ತಾಲೂಕುಗಳಲ್ಲಿ ಇವೆರಡೂ ಒಂದೇ ದಾರಿಯ ಮೇಲೆ ಎದುರುಬದುರಾಗಿ ನಡೆಯುತ್ತವೆ. ಹಾಲಿನ ಕ್ಯಾನು, ಮೊಸರಿನ ಗಡಿಗೆ ತಲೆಯ ಮೇಲಿಟ್ಟು ಗೌಳಿವಾಡದಿಂದ ಪೇಟೆಗೆ ನಡೆದು ಬರುವ ಹೆಂಗಸಿದ್ದಾಳೆ. ಮಳೆಗಾಲದಲ್ಲಿ ಹಳ್ಳ ತುಂಬಿ ಬಸ್ಸು ನಿಂತರೆ ಪಡಿತರಕ್ಕೆಂದು ಗುಡ್ಡ ಇಳಿಯುವ ಜೋಯಿಡಾದ ಕುಣಬಿ ರೈತನಿದ್ದಾನೆ. ಅವರ ಎದೆಬಡಿತವನ್ನು ಯಾವ ಗಡಿಯಾರವೂ ಎಣಿಸಿಲ್ಲ. ಎಣಿಸಿದ್ದರೆ ನಗರದ ಓಟಗಾರರಿಗೆ ಅಸೂಯೆ ಹುಟ್ಟುತ್ತಿತ್ತೋ ಏನೋ. ಆದರೂ ಅವರ ಬದುಕನ್ನು ಯಾರೂ ‘ಆರೋಗ್ಯಕರ ಹೊರಾಂಗಣ ಜೀವನ’ ಎಂದು ಕರೆಯುವುದಿಲ್ಲ. ಬೆವರು ಅದೇ, ಏರು ಅದೇ, ದೂರವೂ ಅದೇ. ವ್ಯತ್ಯಾಸವಿರುವುದು ಒಂದೇ ಕಡೆ. ಓಟಗಾರನಿಗೆ ಕಾಲು ನೋವು ಬಂದರೆ ನಿಲ್ಲಬಹುದು. ಹಾಲು ಹೊತ್ತವಳು ನಿಲ್ಲುವಂತಿಲ್ಲ.

ಆಟಕ್ಕೂ ದುಡಿಮೆಗೂ ಇರುವ ಗೆರೆ ಇದೇ ಎಂದು ನನಗೆ ತೋರುತ್ತದೆ. ಆಟದಲ್ಲಿ ಆನಂದವಿದೆ, ದುಡಿಮೆಯಲ್ಲಿಲ್ಲ ಎಂದೇನೂ ಅಲ್ಲ. ಗದ್ದೆ ನಾಟಿಯಲ್ಲೂ ಹಾಡಿದೆ, ಮ್ಯಾರಥಾನಿನಲ್ಲೂ ವಾಂತಿಯಿದೆ. ಗೆರೆ ಎಳೆಯುವುದು ನಿಲ್ಲುವ ಹಕ್ಕು. ಹಾಗಿದ್ದರೆ ಆ ಹಕ್ಕನ್ನು ಕಳೆದುಕೊಂಡ ಆಟ ಏನಾಗುತ್ತದೆ? ಸಾಮರ್ಥ್ಯವಿದೆ ಎಂಬ ಒಂದೇ ಕಾರಣಕ್ಕೆ ಒಬ್ಬ ಮನುಷ್ಯ ಓಡುತ್ತಲೇ ಇರಬೇಕೆ? ಈ ಪ್ರಶ್ನೆ ಪುಸ್ತಕದಲ್ಲಿ ಹುಟ್ಟಿದ್ದಲ್ಲ. ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಸಿದ್ದಿ ಜನರ ಮೈಮೇಲೆ ಇದನ್ನು ಸರಕಾರವೇ ಒಮ್ಮೆ ಬರೆದು ನೋಡಿದೆ.

ಸಿದ್ದಿಗಳ ವಿಷಯ ಈ ಪತ್ರಿಕೆಯ ಓದುಗರಿಗೆ ಹೊಸತೇನಲ್ಲ. ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ಸಂತತಿ ಅವರದು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಒಂದೇ ಊರಲ್ಲಿ ಮೂರೂ ಬಗೆಯವರು ಸಿದ್ದಿಗಳಾಗಿಯೇ ನಂಟು ಉಳಿಸಿಕೊಂಡಿದ್ದಾರೆ. ಹಾಗೆ ನೋಡಿದರೆ ಈ ಜನರ ಚರಿತ್ರೆಯ ಮೊದಲ ಅಧ್ಯಾಯವೇ ಒಂದು ದೂರದ ಓಟ, ಒಂದು ಕಡಿದಾದ ಏರು. ಅದಕ್ಕೆ ಪದಕ ಕೊಡುವವರಿರಲಿಲ್ಲ. ಸಿಕ್ಕಿಬಿದ್ದರೆ ಚಾವಟಿ ಇತ್ತು.

1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ‘ಸ್ಪೆಷಲ್ ಏರಿಯಾ ಗೇಮ್ಸ್’ ಎಂಬ ಯೋಜನೆ ಆರಂಭಿಸಿತು. ಆಗ ಕೇಂದ್ರದಲ್ಲಿ ಯುವಜನ ಮತ್ತು ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದವರು ಮಾರ್ಗರೆಟ್ ಆಳ್ವ. ಯೋಜನೆಯ ಹಿಂದೆ ನಿಂತು ದುಡಿದ ಅಧಿಕಾರಿ ಬಿ.ವಿ.ಪಿ. ರಾವ್. ಗುಡ್ಡಗಾಡು, ಕಾಡು, ಕಡಲತೀರದ ಜನರಲ್ಲಿ ಹುಟ್ಟಿನಿಂದಲೇ ಬಂದ ಕಸುವು ಇರುತ್ತದೆ, ಅದನ್ನು ಹುಡುಕಿ ತರಬೇಕು ಎನ್ನುವುದು ಅದರ ತರ್ಕ. ರಾಜಸ್ಥಾನದ ಬುಡಕಟ್ಟು ಹುಡುಗ ಲಿಂಬಾ ರಾಮ್ 1987ರಲ್ಲಿ ಬಿಲ್ಲುಗಾರಿಕೆಗೆ ಆಯ್ಕೆಯಾಗಿ ಮರುವರ್ಷವೇ ಸೋಲ್ ಒಲಿಂಪಿಕ್ಸ್‌ಗೆ ಹೋದದ್ದು ಈ ಯೋಜನೆಯಿಂದಲೇ. ಅದೇ 1987ರ ಸುಮಾರಿಗೆ ಅಧಿಕಾರಿಗಳು ಉತ್ತರ ಕನ್ನಡದ ಸಿದ್ದಿ ಹಳ್ಳಿಗಳಿಗೂ ಬಂದರು. ಹುಡುಗ ಹುಡುಗಿಯರನ್ನು ಓಡಿಸಿ ನೋಡಿ, ಆರಿಸಿ, ಬೆಂಗಳೂರಿನ ತರಬೇತಿ ಕೇಂದ್ರಕ್ಕೆ ಕರೆದೊಯ್ದರು. ರಾಷ್ಟ್ರಮಟ್ಟದಲ್ಲಿ ಪದಕಗಳು ಬಂದವು. ಕಮಲಾ ಸಿದ್ದಿಯಂಥವರು ದೇಶವನ್ನು ಪ್ರತಿನಿಧಿಸುವ ಮಟ್ಟಕ್ಕೆ ಏರಿದರು. ಆಮೇಲೆ 1993ರ ಹೊತ್ತಿಗೆ ಸಿದ್ದಿಗಳ ಯೋಜನೆ ನಿಂತುಹೋಯಿತು. ಅರ್ಧ ತರಬೇತಿಯಲ್ಲಿದ್ದ ಮಕ್ಕಳು ಊರಿಗೆ ಮರಳಿದರು. ಕೆಲವರು ಕೂಲಿಗೆ ಹೋದರು. ಅದೃಷ್ಟವಿದ್ದವರಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಂಥ ಕಡೆ ನೌಕರಿ ಸಿಕ್ಕಿತು.

ಈ ಯೋಜನೆಯನ್ನು ಸಾರಾಸಗಟಾಗಿ ಬಯ್ಯುವವರ ಸಾಲಿಗೆ ನಾನು ಸೇರುವುದಿಲ್ಲ. ಕಾಡಿನ ಹುಡುಗಿಯೊಬ್ಬಳು ವಿಮಾನ ಹತ್ತಿದ್ದು ಸಣ್ಣ ಸಂಗತಿಯಲ್ಲ. ಆದರೆ ಅದರ ಬುಡದಲ್ಲೇ ಒಂದು ಯೋಚನಾದೋಷವಿತ್ತು. ಸಿದ್ದಿಗಳ ಗುಂಗುರು ಕೂದಲನ್ನು ಕಂಡವರಿಗೆ ಕೀನ್ಯಾ ನೆನಪಾಯಿತು. ಆಫ್ರಿಕಾ ಒಂದೇ ಊರಲ್ಲ. ದೂರದ ಓಟದಲ್ಲಿ ಜಗತ್ತನ್ನು ಗೆದ್ದ ಕೀನ್ಯಾದವರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಎತ್ತರದ ಪ್ರದೇಶದ ಕಲೆಂಜಿನ್ ಜನ. ಸಿದ್ದಿಗಳ ಪೂರ್ವಿಕರು ಬಂಟು ಭಾಷೆಗಳನ್ನಾಡುವ ಬೇರೆಯೇ ಸಮುದಾಯಗಳಿಂದ ಬಂದವರೆಂದು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಜೊತೆಗೆ ಅವರಲ್ಲಿ ಈ ನೆಲದ ರಕ್ತವೂ ಸಾಕಷ್ಟು ಬೆರೆತಿದೆ ಎಂದೂ. ಇನ್ನು ಕಲೆಂಜಿನ್ನರ ಗೆಲುವಿಗೂ ಎತ್ತರದ ಗಾಳಿ, ಬಾಲ್ಯದ ಓಡಾಟ, ಓಟವೇ ಬಡತನದಿಂದ ಹೊರಬರುವ ದಾರಿ ಎಂಬ ಆಸೆ, ಹೀಗೆ ಎಷ್ಟೋ ಕಾರಣಗಳಿವೆ. ಇವನ್ನೆಲ್ಲ ಬಿಟ್ಟು ಚರ್ಮದ ಬಣ್ಣದಲ್ಲಿ ಪದಕ ಹುಡುಕುವುದು, ಹಿಂದೆ ಅದೇ ಬಣ್ಣದಲ್ಲಿ ಕೂಲಿ ಹುಡುಕಿದವರ ಕಣ್ಣಿಗೆ ತೀರ ದೂರದ್ದೇನಲ್ಲ. ಮೆಚ್ಚುಗೆಯಿಂದ ನೋಡಿದರೂ ನೋಟ ಮೈಯಲ್ಲೇ ನಿಂತಿತ್ತು. ಈ ಜನರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ ಎನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಾಲುಗಳನ್ನು ಗುರುತಿಸಿದ ಹದಿನಾರು ವರ್ಷದ ಮೇಲೆ ಸರಕಾರ ಆ ಕಾಲುಗಳ ಮನುಷ್ಯರನ್ನು ಗುರುತಿಸಿತು.

ಈಗ ನನ್ನನ್ನು ಹೆಚ್ಚು ಕಾಡುವ ಮಾತಿಗೆ ಬರುತ್ತೇನೆ. ಆ ಯೋಜನೆಯ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಕಡೆ ಓದಿದವರೇ ಹೇಳುವುದುಂಟು: “ನೌಕರಿ ಸಿಕ್ಕಿದ ಕೂಡಲೇ ಓಡೋದು ಬಿಟ್ಟರ್ರೀ. ಅವರಿಗೆ ಹಠ ಇಲ್ಲ.” ಕ್ರೀಡಾ ವಲಯದಲ್ಲೂ ಇದೇ ದೂರು. ಅಂದರೆ ಸಾಮರ್ಥ್ಯವಿದ್ದವನು ಅದನ್ನು ಕೊನೆಯ ಹನಿಯವರೆಗೆ ಹಿಂಡಬೇಕು, ನಡುವೆ ನಿಲ್ಲುವುದು ಒಂದು ಬಗೆಯ ದ್ರೋಹ ಎಂದು ಅದರ ಅರ್ಥ. ಯಾರಿಗೆ ಮಾಡಿದ ದ್ರೋಹ? ದೇಶಕ್ಕೆ ಎನ್ನುತ್ತಾರೆ. ಗುಮಾಸ್ತನ ಮಗ ಒಳ್ಳೆಯ ಕಬಡ್ಡಿ ಆಟಗಾರನಾಗಿದ್ದು, ಬ್ಯಾಂಕ್ ನೌಕರಿ ಸಿಕ್ಕೊಡನೆ ಆಟ ಬಿಟ್ಟರೆ ಅವನನ್ನು ನಾವು ಜಾಣ ಎನ್ನುತ್ತೇವೆ. ಸಿದ್ದಿ ಹುಡುಗ ಅದನ್ನೇ ಮಾಡಿದರೆ ಹಠವಿಲ್ಲದವನು.

ಹಳಿಯಾಳದಲ್ಲಿ ಒಮ್ಮೆ, ಆ ಕಾಲದಲ್ಲಿ ತರಬೇತಿಗೆ ಹೋಗಿಬಂದ ಒಬ್ಬರೊಡನೆ ಮಾತಿಗೆ ಕೂತಿದ್ದೆ. ನನಗಿಂತ ಕೆಲವು ವರ್ಷ ಹಿರಿಯರು. ಓಡುವಾಗ ಏನು ಅನಿಸುತ್ತಿತ್ತು ಎಂದು ಕತೆಗಾರನ ಚಟದಲ್ಲಿ ಕೇಳಿದೆ. ಅವರು ನಕ್ಕರು. “ಸಾಹೇಬ್ರ, ಖರೇ ಹೇಳ್ಲೇನು? ಮುಂಜಾನೆ ತತ್ತಿ ಕೊಡತಿದ್ರು, ಹಾಲು ಕೊಡತಿದ್ರು. ಅದಕ್ಕ ಓಡತಿದ್ದೆ. ಓಡಲಿಲ್ಲ ಅಂದ್ರ ಊರಿಗೆ ಕಳಸ್ತಾರ ಅಂತ ಹೆದರಿ ಓಡತಿದ್ದೆ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: “ಗೆದ್ದಾಗ ಮಾತ್ರ ಭಾಳ ಚಲೋ ಅನಸ್ತಿತ್ತು ನೋಡ್ರಿ. ಅದು ಸುಳ್ಳಲ್ಲ.” ಈ ಎರಡೂ ಮಾತುಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ, ಆದರೆ ಹಿಡಿದುಕೊಳ್ಳಲೇಬೇಕು. ಅವರ ಓಟ ಶೌಕ್ ಕೂಡ ಆಗಿತ್ತು, ಮಜಬೂರಿ ಕೂಡ ಆಗಿತ್ತು. ತತ್ತಿಯ ಚಿಂತೆಯಿಲ್ಲದೆ ಓಡುವ ಅವಕಾಶ ಅವರಿಗೆ ಒಂದು ದಿನವೂ ಸಿಗಲಿಲ್ಲ. ನೌಕರಿ ಸಿಕ್ಕ ದಿನ ಮೊದಲ ಬಾರಿಗೆ ನಿಲ್ಲುವ ಹಕ್ಕು ಸಿಕ್ಕಿತು. ಸಿಕ್ಕ ಹಕ್ಕನ್ನು ಚಲಾಯಿಸಿದವರನ್ನು ಸೋಮಾರಿ ಎನ್ನುವುದು ಯಾವ ನ್ಯಾಯ?

ತನ್ನಲ್ಲಿರುವ ಶಕ್ತಿಯನ್ನು ಬೆಳೆಸಿಕೊಳ್ಳುವುದು ಮನುಷ್ಯನ ಕರ್ತವ್ಯ ಎಂದು ವಾದಿಸಿದ ದೊಡ್ಡ ದಾರ್ಶನಿಕ ಜರ್ಮನಿಯ ಕಾಂಟ್. 1785ರ ತನ್ನ ಪುಸ್ತಕದಲ್ಲಿ ಆತ ಪ್ರತಿಭೆಗೆ ತುಕ್ಕು ಹಿಡಿಯಲು ಬಿಡುವವರ ಉದಾಹರಣೆ ಕೊಡುತ್ತಾನೆ. ಯಾರದೆಂದುಕೊಂಡಿರಿ? ದಕ್ಷಿಣ ಸಮುದ್ರದ ದ್ವೀಪವಾಸಿಗಳದು. ತನ್ನ ಊರಾದ ಕ್ಯೋನಿಗ್ಸ್‌ಬರ್ಗ್ ಬಿಟ್ಟು ದೂರ ಹೋಗದ, ದಿನವೂ ಗಡಿಯಾರ ಹಿಡಿದಂತೆ ಅದೇ ಹೊತ್ತಿಗೆ ಅದೇ ಬೀದಿಯಲ್ಲಿ ನಡೆಯುತ್ತಿದ್ದ ಮನುಷ್ಯ, ತಾನು ಎಂದೂ ಕಾಣದ ಜನರ ಬದುಕು ಬರೀ ಸುಖಲೋಲುಪ್ತಿ ಎಂದು ತೀರ್ಮಾನಿಸಿಬಿಟ್ಟ. ಚಿಕ್ಕ ದೋಣಿಗಳಲ್ಲಿ ನಕ್ಷತ್ರ ನೋಡಿಕೊಂಡು ಸಾವಿರಾರು ಮೈಲಿ ಸಾಗರ ದಾಟಿದ ಜನ ಅವರು! ಕಾಂಟ್ ಸಣ್ಣವನೆಂದು ನಾನು ಹೇಳುತ್ತಿಲ್ಲ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬೇಡಿ ಎಂದು ಕಲಿಸಿದವನೂ ಅವನೇ. ಸಿದ್ದಿಗಳ ಪರವಾಗಿ ವಾದಿಸುವಾಗ ಆ ಮಾತೇ ನನಗೆ ಆಸರೆ. ನಾನು ಹೇಳುವುದಿಷ್ಟೆ: ‘ನಿನ್ನ ಪ್ರತಿಭೆ ಬೆಳೆಸಿಕೋ’ ಎಂಬ ಮಾತು ಒಬ್ಬ ಮನುಷ್ಯ ತನಗೆ ತಾನೇ ಹೇಳಿಕೊಂಡರೆ ಕರ್ತವ್ಯ. ಮೇಲಿನವರು ಕೆಳಗಿನವರಿಗೆ ಹೇಳಿದಾಗ ಅದು ಬೇಗನೆ ಹುಕುಂ ಆಗಿಬಿಡುತ್ತದೆ.

ಬೇಡ ಎಂದು ಹೇಳುವ ಧೈರ್ಯವನ್ನು ನಮ್ಮ ರಾಜ್ಯದವರೇ ಒಬ್ಬರು ತೋರಿಸಿದ್ದು 2020ರಲ್ಲಿ. ಆ ವರ್ಷದ ಫೆಬ್ರವರಿ ಮೊದಲ ವಾರ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು, 9.55 ಸೆಕೆಂಡು ಬಂತು, ಉಸೇನ್ ಬೋಲ್ಟ್‌ನನ್ನೇ ಮೀರಿಸಿದ ಎಂದು ದೇಶವೇ ಕುಣಿಯಿತು. ಕೇಂದ್ರದ ಕ್ರೀಡಾ ಸಚಿವರು ಪರೀಕ್ಷೆಗೆ ಕರೆಸುವುದಾಗಿ ಹೇಳಿದರು. ಕಟ್ಟಡ ಕೆಲಸ ಮಾಡಿ ಬದುಕುವ ಆ ಯುವಕ ಹೋಗಲಿಲ್ಲ. ಕೆಸರುಗದ್ದೆಯ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ, ತನ್ನದು ಕಂಬಳ ಎಂದರು. ಎಷ್ಟೋ ಜನರಿಗೆ ನಿರಾಶೆಯಾಯಿತು. ನನಗೆ ಮಾತ್ರ ಆ ನಿರಾಕರಣೆ ಓಟದಷ್ಟೇ ಚೆಂದ ಕಂಡಿತು. ಕೋಣಗಳ ಹಗ್ಗ ಹಿಡಿದಾಗ ಕೋಣಗಳ ವೇಗವೂ ಕಾಲಿಗೆ ಸೇರುತ್ತದೆ ಎಂಬುದನ್ನು ನಮ್ಮ ಪತ್ರಿಕೆಗಳಿಗಿಂತ ಚೆನ್ನಾಗಿ ಅವರು ತಿಳಿದಿದ್ದರು.

ಇಷ್ಟು ಹೊತ್ತು ಓಟದ ಮಾತಾಯಿತು. ಬೆಟ್ಟದ ಮಾತಿಗೆ ಮುಂಡಗೋಡಕ್ಕೆ ಹೋಗೋಣ. ಅಲ್ಲಿ ಹೇಳಿಕೊಳ್ಳುವಂಥ ಬೆಟ್ಟವಿಲ್ಲ. ಆದರೆ ಜಗತ್ತಿನ ಅತಿ ಎತ್ತರದ ನಾಡಿನಿಂದ ಬಂದ ಜನ ಅಲ್ಲಿದ್ದಾರೆ. 1959ರಲ್ಲಿ ದೇಶ ಬಿಟ್ಟ ಟಿಬೆಟಿಯನ್ನರಿಗೆ 1966ರಲ್ಲಿ ಅಲ್ಲಿ ಜಾಗ ಸಿಕ್ಕಿತು. ಡ್ರೆಪುಂಗ್, ಗಾಂಡೆನ್ ಎಂಬ ಅವರ ಮಹಾವಿಹಾರಗಳು ಮುಂಡಗೋಡದ ಮೆಕ್ಕೆಜೋಳದ ಹೊಲಗಳ ನಡುವೆ ಮತ್ತೆ ಎದ್ದು ನಿಂತಿವೆ. ಬೆಳಿಗ್ಗೆ ಸಂಜೆ ಮುದುಕ ಮುದುಕಿಯರು ಜಪಚಕ್ರ ತಿರುಗಿಸುತ್ತ, ಮಣಿ ಎಣಿಸುತ್ತ ಗುಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ಅದಕ್ಕೆ ಅವರು ‘ಕೋರಾ’ ಎನ್ನುತ್ತಾರೆ. ಅವರ ನಾಡಿನಲ್ಲಿ ಕೈಲಾಸ ಪರ್ವತದ ಸುತ್ತಲಿನ ಕೋರಾ ಸುಮಾರು 52 ಕಿಲೋಮೀಟರ್. 5,600 ಮೀಟರಿಗೂ ಎತ್ತರದ ಕಣಿವೆಯನ್ನು ದಾಟಬೇಕು. ಗಟ್ಟಿಗರು ಅದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅಲ್ಟ್ರಾ ಮ್ಯಾರಥಾನ್. ಆದರೆ 6,638 ಮೀಟರಿನ ಆ ಶಿಖರವನ್ನು ಇದುವರೆಗೆ ಯಾರೂ ಹತ್ತಿಲ್ಲ. ಹಿಂದೂ, ಬೌದ್ಧ, ಜೈನ, ಬೋನ್ ಎಂಬ ನಾಲ್ಕು ಧರ್ಮಗಳ ಜನ ಅದನ್ನು ಸುತ್ತಿದರು, ನೋಡಿದರು, ತಲೆಬಾಗಿದರು, ಮರಳಿದರು. ಬೆಟ್ಟದೊಂದಿಗೆ ಸಂಬಂಧ ಬೆಳೆಸಲು ಅದರ ನೆತ್ತಿಯ ಮೇಲೆ ಕಾಲಿಡಲೇಬೇಕಾಗಿಲ್ಲ ಎನ್ನುವ ತಿಳಿವು ಅದರಲ್ಲಿದೆ.

ಇಂಥದೇ ನಡಿಗೆ ಜೋಯಿಡಾದ ಕಡೆಯೂ ಉಂಟು. ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಭರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು, ಎಷ್ಟೋ ಜನ ನಡೆದುಕೊಂಡೇ ಬರುತ್ತಾರೆ. ಕಾಡಿನ ದಾರಿಯಲ್ಲಿ ಎತ್ತು ಬಿಟ್ಟು, ರೊಟ್ಟಿ ಬಿಚ್ಚಿ, ಭಜನೆ ಹಾಡಿ, ಮತ್ತೆ ಹೊರಡುತ್ತಾರೆ. ಶೌಕ್, ಮಜಬೂರಿ ಎಂದು ನಾನು ಮಾಡಿದ ಎರಡು ಪಾಲು ಇಲ್ಲಿ ಸಾಲುವುದಿಲ್ಲ. ಇದು ಹರಕೆ. ಯಾರೂ ಹೇರಿದ್ದಲ್ಲ, ಹಾಗೆಂದು ತಮಾಷೆಯೂ ಅಲ್ಲ. ಅದರೊಳಗೇ ನಿಲುಗಡೆಯಿದೆ. ಉಳವಿ ಬಂತು, ನಡಿಗೆ ಮುಗಿಯಿತು. ಹೋದ ವರ್ಷಕ್ಕಿಂತ ಎರಡು ತಾಸು ಬೇಗ ಮುಟ್ಟಿದೆ ಎಂದು ಯಾರೂ ಜಂಬ ಕೊಚ್ಚುವುದಿಲ್ಲ. ಎತ್ತಿಗೆ ದಣಿವಾದರೆ ಚಕ್ಕಡಿ ನಿಲ್ಲಲೇಬೇಕಲ್ಲ, ಮನುಷ್ಯನ ಹಠಕ್ಕೆ ಅಲ್ಲೇ ಒಂದು ಕಡಿವಾಣ.

ಎತ್ತರದ ಬೆಟ್ಟಗಳಲ್ಲಿ ಆ ಕಡಿವಾಣ ಗಡಿಯಾರದ ರೂಪದಲ್ಲಿರುತ್ತದೆ. ಎವರೆಸ್ಟ್ ಏರುವವರಿಗೆ ಒಂದು ನಿಯಮವುಂಟು: ಮಧ್ಯಾಹ್ನ ಒಂದು-ಎರಡು ಗಂಟೆಯೊಳಗೆ ತುದಿ ಮುಟ್ಟದಿದ್ದರೆ, ತುದಿ ಕಣ್ಣೆದುರೇ ಇದ್ದರೂ ಹಿಂತಿರುಗಬೇಕು. ಎಂಟು ಸಾವಿರ ಮೀಟರಿನ ಮೇಲೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲೊಂದು ಪಾಲು. ಮೊದಲು ಮಂಕಾಗುವುದು ವಿವೇಕ. ಆದ್ದರಿಂದಲೇ ನಿಲ್ಲುವ ತೀರ್ಮಾನವನ್ನು ಕೆಳಗಿರುವಾಗಲೇ ಮಾಡಿಕೊಂಡು ಹೋಗಬೇಕು. 1996ರ ಮೇ 10 ಮತ್ತು 11ರಂದು ಬಿರುಗಾಳಿಗೆ ಸಿಕ್ಕು ಎಂಟು ಮಂದಿ ಸತ್ತರು. ಅವರಲ್ಲಿ ಮೂವರು ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯವರು. ಹಿಂತಿರುಗುವ ಹೊತ್ತು ಮೀರಿದ ಮೇಲೂ ಏರುತ್ತಲೇ ಇದ್ದದ್ದು ಆ ದುರಂತದ ಒಂದು ಮುಖ್ಯ ಕಾರಣ. ಅಲ್ಲಿಯವರೆಗೆ ಅವರದು ಸ್ವಂತ ಇಚ್ಛೆಯ ಏರು. ಆ ಗಂಟೆ ದಾಟಿದ ಮೇಲೆ ಅವರು ಶಿಖರದ ಆಳುಗಳು. ಹುಬ್ಬಳ್ಳಿಯ ನಂದಿತಾ ನಾಗನಗೌಡರ 2016ರಲ್ಲಿ ಎವರೆಸ್ಟ್ ಏರಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದ್ದೇ. ಆದರೆ ತುದಿಗೆ ನೂರು ಮೀಟರ್ ಇರುವಾಗ ಹಿಂತಿರುಗಿ ಬಂದವರಿಗೆ ನಮ್ಮ ಯಾವ ಊರೂ ಮೆರವಣಿಗೆ ಮಾಡುವುದಿಲ್ಲ.

ಆ ಬೆಟ್ಟಗಳಲ್ಲಿ ಭಾರ ಹೊರುವ ಶೆರ್ಪಾಗಳ ಪಾಡು ನಮ್ಮ ಹಾಲಿನ ಗಡಿಗೆಯವಳದೇ. 2014ರ ಏಪ್ರಿಲ್ 18ರಂದು ಖುಂಬು ಹಿಮಪಾತದಲ್ಲಿ, ಇತರರ ಏರಿಗಾಗಿ ಸಾಮಾನು ಸಾಗಿಸುತ್ತಿದ್ದ 16 ಮಂದಿ ನೇಪಾಳಿ ಕೆಲಸಗಾರರು ಹಿಮದಡಿ ಸಿಕ್ಕು ಸತ್ತರು. ಸತ್ತವರ ಮನೆಗೆ ಸರಕಾರ ಮೊದಲು ಘೋಷಿಸಿದ್ದು 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಆ ವರ್ಷ ಬೆಟ್ಟ ಹತ್ತುವುದಿಲ್ಲ ಎಂದು ನಿಂತುಬಿಟ್ಟರು. ನೇಪಾಳದ ಕಡೆಯ ಏರು ಹೆಚ್ಚುಕಡಿಮೆ ಇಡೀ ಋತುವಿಗೆ ರದ್ದಾಯಿತು. ಲಕ್ಷಾಂತರ ಖರ್ಚು ಮಾಡಿ, ವರ್ಷಗಟ್ಟಲೆ ತಯಾರಿ ನಡೆಸಿ ಬಂದವರಿಗೆ ಆ ದಿನ ತಮ್ಮ ತಕ್ಕಡಿಯ ಎರಡನೆಯ ತಟ್ಟೆ ಕಂಡಿತು. ಕಾಳಿ ನದಿಯಲ್ಲಿ ರ‍್ಯಾಫ್ಟ್ ನಡೆಸುವ ಹುಡುಗನನ್ನೂ ಇಲ್ಲೇ ನೆನೆಯಬೇಕು. ನೀರು ಬಿಡುವುದು ಸೂಪಾ ಅಣೆಕಟ್ಟು. ನೀರಿದ್ದರೆ ಅವನಿಗೆ ಕೂಲಿ. ಅದೇ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ಊರು ಮುಳುಗಿ, ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಗಬೇಕಾಯಿತು. ದೋಣಿಯಲ್ಲಿ ಕಿರುಚುವ ಪ್ರವಾಸಿಗನಿಗೆ ಇದೆಲ್ಲ ಗೊತ್ತಿರಬೇಕೆಂದೇನೂ ಇಲ್ಲ. ಹುಟ್ಟು ಹಾಕುವವನ ಭುಜ ಇಂದು ನೋಯುತ್ತಿದೆಯೇ, ಅವನಿಗೆ ಇಂದು ಬೇಡವೆನ್ನುವ ಸ್ವಾತಂತ್ರ್ಯವಿದೆಯೇ ಎಂದಾದರೂ ಕೇಳಬಹುದು.

ಎರಡನೆಯ ತಟ್ಟೆ ಎಷ್ಟೋ ಸಲ ಮನೆಯೊಳಗೇ ಇರುತ್ತದೆ. ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓಡಲು ಹೋಗುವ ಗಂಡನಿಗಿಂತ ಅರ್ಧ ಗಂಟೆ ಮೊದಲು ಹೆಂಡತಿ ಎದ್ದಿರುತ್ತಾಳೆ. ಮಕ್ಕಳು, ಮುದಿ ಅತ್ತೆ, ಹಾಲು, ನೀರು ಎಲ್ಲ ಆ ಬೆಳಗ್ಗೆ ಅವಳ ಪಾಲು. ಅವನು ಮೂವತ್ತು ಕಿಲೋಮೀಟರಿನ ಫೋಟೋ ಹಾಕಿ ‘ಜೀವನದ ಸಮತೋಲನ’ ಎಂದು ಬರೆಯುತ್ತಾನೆ. ಅವಳಿಗೂ ಒಂದು ಬೆಟ್ಟ ಹತ್ತುವ ಆಸೆಯಿರಬಹುದು ಎಂದು ಕೇಳಿದವರಿಲ್ಲ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜಿನಲ್ಲಿ ಕಳೆಯುತ್ತಿದ್ದ ಯುವ ಅನುಯಾಯಿಯೊಬ್ಬರನ್ನು ಪ್ರವಾದಿಯವರು ತಡೆದ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. ದೇಹಕ್ಕೆ ಒಂದು ಹಕ್ಕಿದೆ, ಕಣ್ಣಿಗೆ ಹಕ್ಕಿದೆ, ಹೆಂಡತಿಗೆ ಹಕ್ಕಿದೆ, ಮನೆಗೆ ಬಂದ ಅತಿಥಿಗೂ ಹಕ್ಕಿದೆ ಎಂಬುದು ಅದರ ತಾತ್ಪರ್ಯ. ನಾನು ಅದರಲ್ಲಿ ಗಮನಿಸುವುದು ಏನೆಂದರೆ, ಅಲ್ಲಿ ದೇಹದ ಹಕ್ಕು ಮತ್ತು ಹೆಂಡತಿಯ ಹಕ್ಕು ಒಂದೇ ಸಾಲಿನಲ್ಲಿ ಬರುತ್ತವೆ. ನಿನ್ನ ಮೈಯೂ ನಿನಗೆ ಒಪ್ಪಿಸಿದ ಅಮಾನತ್ತು, ಬೇಕಾದಂತೆ ಖರ್ಚು ಮಾಡುವ ಆಸ್ತಿಯಲ್ಲ. ಇಬಾದತ್ತಿನಂಥ ಒಳ್ಳೆಯ ಕೆಲಸಕ್ಕೇ ಮಿತಿಯಿರುವಾಗ ಓಟ ಯಾವ ದೊಡ್ಡದು?

ಹಾಗಾದರೆ ಓಡಬಾರದೇ, ಬೆಟ್ಟ ಹತ್ತಬಾರದೇ? ಖಂಡಿತ ಓಡಬೇಕು. ಓಡಿದವರಿಗೆ ಮಾತ್ರ ದಣಿವು ಗೊತ್ತು. ತನ್ನ ದಣಿವು ಗೊತ್ತಿದ್ದವನಿಗೆ ಇನ್ನೊಬ್ಬರ ದಣಿವು ಅರ್ಥವಾಗುವ ಸಾಧ್ಯತೆಯಾದರೂ ಇರುತ್ತದೆ. ಜೋಯಿಡಾದ ಏರಿನಲ್ಲಿ ಏದುಸಿರು ಬಿಟ್ಟ ನಗರದ ಹುಡುಗಿಯೊಬ್ಬಳು, ಅದೇ ಏರಿನಲ್ಲಿ ಸೌದೆ ಹೊತ್ತು ತನ್ನನ್ನು ದಾಟಿಹೋದ ಮುದುಕಿಯನ್ನು ಕಂಡು ಬೆರಗಾಗಿ ನನ್ನ ಬಳಿ ಹೇಳಿದ್ದುಂಟು. ಬೆರಗು ಪ್ರಶ್ನೆಯಾಗಿ ಬೆಳೆಯಲು ಅವಳಿಗೆ ಇನ್ನೂ ಕೆಲವು ಏರುಗಳು ಬೇಕಾಗಬಹುದು, ಹತ್ತಲಿ.

ಮುಂಡಗೋಡದಲ್ಲಿ ಈಗ ಮತ್ತೆ ಸಿದ್ದಿ ಮಕ್ಕಳು ಓಡುತ್ತಿದ್ದಾರೆ. ಸರಕಾರದ ಯೋಜನೆ ನಿಂತು ಎರಡು ದಶಕ ಕಳೆದ ಮೇಲೆ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಖಾಸಗಿ ಸಂಸ್ಥೆ ಅಲ್ಲಿ ಸಿದ್ದಿ ಮತ್ತು ಇತರ ಮಕ್ಕಳಿಗೆ ತರಬೇತಿ ಶುರುಮಾಡಿತು. ಹಳಿಯಾಳದಲ್ಲಿ ಸಿದ್ದಿ ಹುಡುಗಿಯರು ಕುಸ್ತಿಯ ಅಖಾಡಕ್ಕೂ ಇಳಿದಿದ್ದಾರೆ. ಸಂತೋಷದ ಸುದ್ದಿ. ಈ ಮಕ್ಕಳ ಬಗ್ಗೆ ಬರುವ ವರದಿಗಳಲ್ಲೆಲ್ಲ ಒಲಿಂಪಿಕ್ಸ್ ಪದಕದ ಕನಸೇ ಮೊದಲ ಸಾಲು. ಅಲ್ಲಿಯವರೆಗೆ ಮುಟ್ಟುವವರು ನೂರರಲ್ಲಿ ಒಬ್ಬರೂ ಇರಲಾರರು. ಯಾವ ದೇಶದಲ್ಲೂ ಲೆಕ್ಕ ಇಷ್ಟೆ. ಉಳಿದವರು ಹದಿನೆಂಟಕ್ಕೋ ಇಪ್ಪತ್ತಕ್ಕೋ ನಿಲ್ಲುತ್ತಾರೆ. ಮಂಡಿ ನೋವಿನಿಂದ, ಮದುವೆಯಿಂದ, ಇಲ್ಲವೇ ಸುಮ್ಮನೆ ಬೇಸರ ಬಂದು. ನಾನು ತರಬೇತಿ ಕೊಡುವವರನ್ನು, ಹಣ ಕೊಡುವವರನ್ನು ಕೇಳಬಯಸುವುದು ಆ ದಿನದ ಬಗ್ಗೆ. ಓಡುವುದನ್ನು ಬಿಟ್ಟ ಹುಡುಗಿಗೆ ಹಾಸ್ಟೆಲಿನ ಊಟ, ಶಾಲೆಯ ಫೀಸು ಮರುದಿನವೂ ಮುಂದುವರಿಯುತ್ತದೆಯೇ? ಸಾಮಾನ್ಯವಾಗಿ ನಮ್ಮ ಕ್ರೀಡಾ ಹಾಸ್ಟೆಲುಗಳಲ್ಲಿ ಸಾಧನೆ ತೋರದವರಿಗೆ ಜಾಗವಿರುವುದಿಲ್ಲ. ಊಟ ಓಟಕ್ಕೆ ಕಟ್ಟಿದ ಹಗ್ಗವಾಗಿರುವವರೆಗೆ, ಮಗು ನಗುತ್ತ ಓಡಿದರೂ ಅದನ್ನು ಆಟವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಳಿಯಾಳದ ಆ ಹಿರಿಯರಿಗೆ ಮಗಳೊಬ್ಬಳಿದ್ದಾಳೆ, ಕಾಲೇಜಿಗೆ ಹೋಗುತ್ತಾಳೆ. ಅವಳೂ ಓಡುತ್ತಾಳೇನು ಎಂದು ಕೇಳಿದ್ದೆ. “ಒಮ್ಮೊಮ್ಮೆ ಓಡತಾಳ್ರಿ, ಗೆಳತ್ಯಾರ ಕೂಡ,” ಎಂದರು. “ನಾ ಏನೂ ಹೇಳಾಂಗಿಲ್ಲ.”